ನೋಡುವ ಹೂ, ಮುಡಿಯುವ ಹೂ

ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ, ಶಂಕರಪುರದ ಆಸುಪಾಸಿನಲ್ಲಿ. ಅದು ಮಲ್ಲಿಗೆಯ ಊರು. ನಮ್ಮ ಕಡೆ ಹೂವಿಗೂ ಭತ್ತದ ಹಾಗೆ ಅಳತೆಯ ಲೆಕ್ಕವಿದೆ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಗಿನ ಜಾವ ಅಮ್ಮನೂ ಅಜ್ಜಿಯೂ ಹಿತ್ತಿಲಿಗೆ ಇಳಿಯುತ್ತಿದ್ದರು. ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕೊಳ್ಳುವವರ ಕೈಗೆ ಮುಟ್ಟಿಸಬೇಕು. ನಮ್ಮ ಶಾಲೆಯ ಫೀಸು, ಮಳೆಗಾಲದ ಕೊಡೆ, ಅಕ್ಕನ ಮದುವೆಯ ಬಳೆ ಎಲ್ಲವೂ ಆ ಮೊಗ್ಗುಗಳಿಂದಲೇ ಬಂದವು. ಗಿಡದಲ್ಲೇ ಅರಳಿಬಿಟ್ಟ ಹೂ ನಮ್ಮ ಮನೆಯಲ್ಲಿ ನಷ್ಟದ ಲೆಕ್ಕಕ್ಕೆ ಸೇರುತ್ತಿತ್ತು. ಕೊಯ್ಯುವಾಗ ಕಣ್ತಪ್ಪಿ ಉಳಿದ ಮೊಗ್ಗು ಸಂಜೆಗೆ ಘಮ್ಮೆಂದು ಬಿರಿದರೆ, ಅಜ್ಜಿ "ಅಯ್ಯೋ, ಅರಳಿಹೋಯಿತಲ್ಲ" ಎಂದು ಮರುಗುತ್ತಿದ್ದರು.

ಹೂವನ್ನು ಗಿಡದಲ್ಲೇ ಬಿಟ್ಟು, ಬರಿದೇ ನಿಂತು ನೋಡಿ ಸಂತೋಷಪಡುವುದನ್ನು ನಾನು ಕಲಿತದ್ದು ದೆಹಲಿಯಲ್ಲಿ. ಮೂವತ್ತು ವರ್ಷ ಮೀರಿದ ಆ ಕಲಿಕೆಯ ಒಂದಿಷ್ಟನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮದುವೆಯಾಗಿ ನಾನು ದೆಹಲಿಗೆ ಬಂದದ್ದು 1987ರ ನವೆಂಬರಿನಲ್ಲಿ. ಯಜಮಾನರದು ಕೇಂದ್ರ ಸರ್ಕಾರದ ಕೆಲಸ. ರಾಮಕೃಷ್ಣಪುರದಲ್ಲಿ ನೆಲಮಹಡಿಯ ಕ್ವಾರ್ಟರ್ಸು, ಮನೆಯ ಮುಂದೆ ಎರಡು ಮಂಚ ಹಾಕುವಷ್ಟು ಮಣ್ಣು. ಅಮ್ಮ ನಾಲ್ಕು ಮಲ್ಲಿಗೆ ಗೆಲ್ಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ಬಾಳೆಯ ಪಟ್ಟೆ ಕಟ್ಟಿ ಕೊಟ್ಟಿದ್ದರು. ರೈಲಿನಲ್ಲಿ ಅದಕ್ಕೆ ನೀರು ಚಿಮುಕಿಸುತ್ತ ಬಂದೆ. ಬಂದ ಮರುದಿನವೇ ನೆಟ್ಟೆ. ಡಿಸೆಂಬರಿನ ಚಳಿ ಬಿದ್ದ ಮೇಲೆ ಎಲೆ ಹಳದಿಯಾಗಿ ಒಂದೊಂದೇ ಉದುರಿತು. ಜನವರಿಗೆ ಉಳಿದದ್ದು ನಾಲ್ಕು ಒಣಕಡ್ಡಿ. ಊರಿನ ಗಿಡ ಸತ್ತಿತೆಂದು ನಾನು ಬಾಗಿಲಲ್ಲಿ ಕೂತು ಅತ್ತದ್ದನ್ನು ಪಕ್ಕದ ಮನೆಯ ಪಂಜಾಬಿ ಹಿರಿಯರು ಕಂಡರು. ಅವರನ್ನು ನಾವು ಅಂಕಲ್‌ಜಿ ಎನ್ನುತ್ತಿದ್ದೆವು. ಬೇಲಿ ದಾಟಿ ಬಂದು, ಮಾತಿಲ್ಲದೆ, ಹೆಬ್ಬೆರಳ ಉಗುರಿನಿಂದ ಒಂದು ಕಡ್ಡಿಯ ಸಿಪ್ಪೆಯನ್ನು ಎಳ್ಳಿನಷ್ಟು ಕೆರೆದರು. ಒಳಗೆ ಹಸಿರು. ಉಳಿದ ಮೂರನ್ನೂ ಕೆರೆದರು. ಎರಡರಲ್ಲಿ ಹಸಿರು, ಒಂದರಲ್ಲಿ ಕಂದು. "ಮೂರು ಬದುಕಿವೆ ಬೇಟಾ, ಹೋಳಿಯವರೆಗೆ ನೀರು ಜಾಸ್ತಿ ಹಾಕಬೇಡ" ಎಂದರು. ಮಾರ್ಚ್ ನಡುವೆ ಗೆಣ್ಣಿನಲ್ಲಿ ಚಿಗುರು ಕಂಡಿತು. ಏಪ್ರಿಲ್ ಕೊನೆಗೆ ಮೊಗ್ಗು. ಊರಿನ ಮಲ್ಲಿಗೆಯೂ ಇಲ್ಲಿನವರು ಮೋಗ್ರಾ ಎನ್ನುವುದೂ ಜಾತಿಯಲ್ಲಿ ಒಂದೇ. ಆದರೆ ಇಲ್ಲಿ ಅದಕ್ಕೆ ಚಳಿಗಾಲದ ನಿದ್ದೆಯಿದೆ. ಬೇಸಿಗೆಯ ಸುಡುಗಾಳಿ ಬೀಸುವಾಗ, ಬೇರೆ ಗಿಡಗಳೆಲ್ಲ ಸೋತು ಬಾಡುವಾಗ, ಅದು ಮೈತುಂಬ ಬಿಡುತ್ತದೆ.

ಅಂಕಲ್‌ಜಿಯ ಅಂಗಳದಲ್ಲಿ ಇದ್ದದ್ದು ಸೇವಂತಿಗೆ. ಅವರ ಬಾಯಲ್ಲಿ ಗುಲ್‌ದಾವೂದಿ. ನಮ್ಮೂರಿನಲ್ಲಿ ಸೇವಂತಿಗೆ ಎಂದರೆ ಮೊಳದ ಲೆಕ್ಕದಲ್ಲಿ ಮಾರುವ ಹಳದಿ ಹೂ. ಅವರು ಬೆಳೆಸುತ್ತಿದ್ದದ್ದು ಒಂದು ಕುಂಡಕ್ಕೆ ಒಂದೇ ಗಿಡ, ಆ ಗಿಡಕ್ಕೆ ಒಂದೋ ಮೂರೋ ಹೂ. ಒಂದೊಂದೂ ಊಟದ ಬಟ್ಟಲಿನಷ್ಟು ದೊಡ್ಡದು. ಅದರ ಹಿಂದೆ ಇಡೀ ವರ್ಷದ ದುಡಿಮೆಯಿದೆ. ಹೂ ಮುಗಿದ ಮೇಲೆ ಬುಡದಿಂದ ಬರುವ ಮರಿಗಳನ್ನು ಬೇಸಿಗೆಯ ಬೇಗೆಯಿಂದ ನೆರಳಲ್ಲಿ ಕಾಪಾಡಬೇಕು. ಮಳೆ ಹಿಡಿದ ಮೇಲೆ ತುದಿ ಚಿವುಟಿ ಮರಳಲ್ಲಿ ನೆಟ್ಟು ಬೇರು ಬರಿಸಬೇಕು. ಸಣ್ಣ ಕುಂಡ, ನಡು ಕುಂಡ, ದೊಡ್ಡ ಕುಂಡ ಎಂದು ಮೂರು ಸಲ ಬದಲಿಸಬೇಕು. ಗೊಬ್ಬರಕ್ಕೆ ಸಾಸಿವೆ ಹಿಂಡಿಯನ್ನು ಡಬ್ಬದಲ್ಲಿ ನೆನೆಸಿ, ಅದು ಕೊಳೆತು ನಾರುವವರೆಗೆ ಬಿಟ್ಟು, ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹುಯ್ಯಬೇಕು. ಊರಿನಲ್ಲಿ ನಾವು ಕಡಲೆ ಹಿಂಡಿ, ಸುಡುಮಣ್ಣು, ಹಟ್ಟಿಗೊಬ್ಬರ ಹಾಕುತ್ತಿದ್ದೆವು. ಸಾಸಿವೆಯನ್ನೇ ಗಾಣಕ್ಕೆ ಹಾಕುವ ಈ ಸೀಮೆಯಲ್ಲಿ ಗಿಡಕ್ಕೂ ಅದರ ಹಿಂಡಿಯೇ.

ಅಕ್ಟೋಬರಿನಲ್ಲಿ ಮೊಗ್ಗು ಬಂದಾಗ ಅತಿ ನಾಜೂಕಿನ ಕೆಲಸ. ತುದಿಯಲ್ಲಿ ಒಂದು ದೊಡ್ಡ ಮೊಗ್ಗು, ಸುತ್ತ ಕಡಲೆಯ ಗಾತ್ರದ ಏಳೆಂಟು ಮರಿಮೊಗ್ಗು. ನಡುವಿನದನ್ನು ಉಳಿಸಿ ಸುತ್ತಲಿನದನ್ನೆಲ್ಲ ಬೆರಳ ತುದಿಯಿಂದ ಪಕ್ಕಕ್ಕೆ ಬಾಗಿಸಿ ಮುರಿಯಬೇಕು. ಕೈ ಸ್ವಲ್ಪ ಜಾರಿದರೂ ನಡುವಿನದೇ ಹೋಗುತ್ತದೆ. ಅಂಕಲ್‌ಜಿ ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು ಈ ಕೆಲಸ ಮಾಡುವಾಗ ನಾವು ಮಾತಾಡಿಸುತ್ತಿರಲಿಲ್ಲ. ಮೊಗ್ಗನ್ನು ಎಣಿಸಿ ಮಾರುವ ಮನೆಯಿಂದ ಬಂದ ನನಗೆ, ಏಳು ಮೊಗ್ಗನ್ನು ಚಿವುಟಿ ಒಂದನ್ನು ಉಳಿಸುವುದು ಮೊದಲ ವರ್ಷ ನೋಡಲಾಗಲಿಲ್ಲ. ಎರಡನೆಯ ವರ್ಷ ನಾನೇ ಮಾಡಿದೆ.

ಆ ವರ್ಷ ನನ್ನ ಐದು ಕುಂಡಗಳಲ್ಲಿ ನಾಲ್ಕು ಡಿಸೆಂಬರಿಗೆ ಅರಳಿದವು. ಐದನೆಯದು ಸೊಂಪಾಗಿ ಎಲೆ ಬಿಟ್ಟುಕೊಂಡು ಹಸಿರಾಗೇ ನಿಂತಿತು, ಮೊಗ್ಗೇ ಇಲ್ಲ. ಮಣ್ಣು ಒಂದೇ, ಹಿಂಡಿ ಒಂದೇ. ಅಂಕಲ್‌ಜಿ ಸಂಜೆ ಬಂದು ನೋಡಿ, ನೆತ್ತಿಯ ಮೇಲೆ ಕೈ ತೋರಿಸಿದರು. ಆ ಕುಂಡ ಇದ್ದದ್ದು ನಮ್ಮ ಹೊರಬಾಗಿಲಿನ ದೀಪದ ಕೆಳಗೆ. ಸೇವಂತಿಗೆಗೆ ರಾತ್ರಿ ಉದ್ದವಾಗಬೇಕು. ದಸರೆಯ ನಂತರ ಹಗಲು ಕುಗ್ಗಿ ಕತ್ತಲು ಬೆಳೆದಾಗಲೇ ಮೊಗ್ಗಿನ ಕಾಲ ಬಂತೆಂದು ಗಿಡಕ್ಕೆ ತಿಳಿಯುವುದು. ರಾತ್ರಿಯೆಲ್ಲ ದೀಪ ಉರಿದರೆ ಅದಕ್ಕೆ ಇನ್ನೂ ಬೇಸಿಗೆಯೇ. ಒಂದು ಬಲ್ಬು ಗಿಡದ ಪಂಚಾಂಗವನ್ನೇ ತಪ್ಪಿಸಬಲ್ಲದು ಎಂದು ಅವತ್ತು ತಿಳಿಯಿತು. ಈಗ ಬಾಲ್ಕನಿಗಳಲ್ಲಿ ರಾತ್ರಿಯಿಡೀ ಅಲಂಕಾರದ ದೀಪ ಉರಿಸುವವರಿಗೆ ನಾನು ಈ ಮಾತು ಹೇಳುತ್ತಲೇ ಇರುತ್ತೇನೆ.

ಮಗನನ್ನು ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಗೆ ಸೇರಿಸಿದ ಮೇಲೆ ನನಗೆ ಇನ್ನೊಂದು ತೋಟ ಸಿಕ್ಕಿತು. ಅವನನ್ನು ಬಿಟ್ಟು ಮನೆಗೆ ಹೋಗಿ ಮತ್ತೆ ಬರುವ ಬದಲು, ಎಷ್ಟೋ ದಿನ ಹತ್ತಿರದ ಲೋಧಿ ಉದ್ಯಾನದಲ್ಲೇ ಕಳೆಯುತ್ತಿದ್ದೆ. ಸುಮಾರು 90 ಎಕರೆಯ ಆ ಜಾಗ ಒಂದು ಕಾಲಕ್ಕೆ ಖೈರ್‌ಪುರ ಎಂಬ ಹಳ್ಳಿ. ಸಯ್ಯದ್ ಮತ್ತು ಲೋಧಿ ದೊರೆಗಳ ಗೋರಿಗಳ ಸುತ್ತ ಮನೆ ಕಟ್ಟಿಕೊಂಡಿದ್ದವರನ್ನು ಎಬ್ಬಿಸಿ, 1936ರಲ್ಲಿ ವೈಸರಾಯನ ಹೆಂಡತಿಯ ಹೆಸರಿನಲ್ಲಿ ಲೇಡಿ ವಿಲ್ಲಿಂಗ್ಡನ್ ಪಾರ್ಕು ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಲೋಧಿ ಹೆಸರು ಬಂತು. 1968ರಲ್ಲಿ ಜೋಸೆಫ್ ಸ್ಟೈನ್ ಮತ್ತು ಗ್ಯಾರೆಟ್ ಎಕ್ಬೋ ಅದನ್ನು ಹೊಸದಾಗಿ ರೂಪಿಸಿದರು. ಅಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಬಣ್ಣ ಮಾತ್ರ. ಸ್ವಲ್ಪ ದಿನದ ಮೇಲೆ, ಯಾವ ಹೂ ಎಲ್ಲಿ ಕೂತಿದೆ ಎಂದು ನೋಡತೊಡಗಿದೆ. ಬಿಸಿಲಿಗೆ ಫ್ಲಾಕ್ಸ್, ಕ್ಯಾಲೆಂಡುಲಾ. ಗೋಡೆಯ ಬದಿಗೆ ಆಳೆತ್ತರದ ಹಾಲಿಹಾಕ್. ದೊಡ್ಡ ಮರದಡಿಯ ಅರೆನೆರಳಿನಲ್ಲಿ ನೀಲಿ, ನೇರಳೆ ಬಣ್ಣದ ಒಂದು ಹೂ. ಕುರ್ಪಿ ಹಿಡಿದು ಕೂತಿದ್ದ ಮಾಲಿಯನ್ನು ಕೇಳಿದೆ. "ಸಿನರೇರಿಯಾ, ಮೇಡಂಜಿ. ಇದಕ್ಕೆ ನೆರಳೇ ಬೇಕು" ಎಂದ. ನಮ್ಮ ಮನೆಯ ಬಲಬದಿಗೆ ಬಿಸಿಲೇ ಬೀಳುತ್ತಿರಲಿಲ್ಲ, ಅಲ್ಲಿ ಏನು ನೆಟ್ಟರೂ ಸೊರಗುತ್ತಿತ್ತು. ಮುಂದಿನ ಫೆಬ್ರವರಿಗೆ ಅಲ್ಲಿ ಸಿನರೇರಿಯಾ ಇತ್ತು.

ಅಂದಿನಿಂದ ಎಲ್ಲಿಗೆ ಹೋದರೂ ಮಾಲಿಯನ್ನು ಮಾತಾಡಿಸದೆ ನಾನು ತೋಟದಿಂದ ಹೊರಬೀಳುವುದಿಲ್ಲ. ಫಲಕದಲ್ಲಿ ಹೂವಿನ ಹೆಸರು ಇರುತ್ತದೆ. ಅದನ್ನು ಯಾವ ವಾರ ಬಿತ್ತಿದರು, ಯಾವಾಗ ಚಿವುಟಿದರು ಎನ್ನುವುದು ಮಾಲಿಯ ನಾಲಿಗೆಯಲ್ಲಿ ಮಾತ್ರ ಇರುತ್ತದೆ. ದೆಹಲಿಯ ಮಾಲಿಗಳು ಅಗೆಯ ಸಸಿಗೆ ಪನೀರಿ ಎನ್ನುತ್ತಾರೆ. ಚಳಿಗಾಲದ ಹೂವಿನ ಬೀಜ ನವರಾತ್ರಿಯ ಹೊತ್ತಿಗೆ ಮಡಿಗೆ ಬೀಳಬೇಕು, ಪನೀರಿ ದೀಪಾವಳಿ ಕಳೆದ ಕೂಡಲೇ ನೆಲಕ್ಕೆ ಇಳಿಯಬೇಕು ಎಂಬುದು ಅವರ ಲೆಕ್ಕ. ತಡವಾದರೆ ಗಿಡ ಬಲಿಯುವ ಮೊದಲೇ ಮಂಜು ಮುಸುಕುತ್ತದೆ. ಹೂ ಬರುವಷ್ಟರಲ್ಲಿ ಮಾರ್ಚಿನ ಬಿಸಿಲು ಬಂದು ಸುಟ್ಟುಬಿಡುತ್ತದೆ. ನಮ್ಮೂರಿನ ತೋಟಕ್ಕೆ ಮಳೆಗಾಲವೇ ಆರಂಭ, ಇಲ್ಲಿನ ತೋಟ ಮಳೆ ಮುಗಿದ ಮೇಲೆ ಹುಟ್ಟುತ್ತದೆ.

ರಾಷ್ಟ್ರಪತಿ ಭವನದ ತೋಟವನ್ನು ನಾನು ಮೊದಲು ನೋಡಿದ್ದು 1989ರ ಫೆಬ್ರವರಿಯಲ್ಲಿ. ನಾವು ನಾಲ್ಕೈದು ಕನ್ನಡದ ಮನೆಗಳ ಹೆಂಗಸರು, ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಅದನ್ನು ಹೊರಗೇ ತಿಂದು ಸಾಲಿನಲ್ಲಿ ನಿಂತೆವು. 15 ಎಕರೆಯ ಆ ತೋಟಕ್ಕೆ ಎಡ್ವಿನ್ ಲುಟೆನ್ಸ್ 1917ರಲ್ಲೇ ನಕ್ಷೆ ಸಿದ್ಧಪಡಿಸಿದ್ದರೂ ಗಿಡ ನೆಟ್ಟದ್ದು 1928-29ರಲ್ಲಿ. ಮಣ್ಣಿನ ಕೆಲಸ ಮಾಡಿಸಿ ಹೂ ಅರಳಿಸಿದವರು ತೋಟಗಾರಿಕೆಯ ಮುಖ್ಯಸ್ಥ ವಿಲಿಯಂ ಮಸ್ಟೋ. ಲುಟೆನ್ಸರ ಹೆಸರು ಎಲ್ಲರಿಗೂ ಗೊತ್ತು. ಗಿಡ ಬೆಳೆಸಿದವರ ಹೆಸರನ್ನೂ ಅಷ್ಟೇ ಗೌರವದಿಂದ ಹೇಳಬೇಕೆಂದು ನನ್ನ ಆಸೆ. ಅಡ್ಡಲಾಗಿ ಎರಡು, ಉದ್ದಕ್ಕೆ ಎರಡು ಕಾಲುವೆ, ಅವು ಕೂಡುವಲ್ಲಿ ತಾವರೆ ಎಲೆಯ ಆಕಾರದ ಕಾರಂಜಿ. ಆಮೇಲೆ ಗುಲಾಬಿಯ ಉದ್ದ ತೋಟ. ಕೊನೆಗೆ ಬಾವಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದುಂಡು ತೋಟ. ಅಲ್ಲಿ ಸುತ್ತಲೂ ಹೂವೇ ಗೋಡೆ.

ಆದರೆ ಅಲ್ಲಿ ನನ್ನ ಕಾಲು ತಡೆದು ನಿಲ್ಲಿಸಿದ್ದು ಕೊಡೆಯ ಹಾಗೆ ದುಂಡಗೆ ಕತ್ತರಿಸಿ ನಿಲ್ಲಿಸಿದ್ದ ಮರಗಳ ಸಾಲು. ಫಲಕದಲ್ಲಿ ಮೌಲ್‌ಸರಿ ಎಂದಿತ್ತು. ಹತ್ತಿರ ಹೋಗಿ ಎಲೆ ನೋಡಿದರೆ ನಮ್ಮ ರೆಂಜೆ! ಬಕುಳ. ಊರಿನಲ್ಲಿ ದೇವಸ್ಥಾನದ ಅಂಗಳದಲ್ಲಿ ಮುಗಿಲೆತ್ತರ ಬೆಳೆದು, ಬೆಳಗಾಗುವಾಗ ನೆಲದ ತುಂಬ ನಕ್ಷತ್ರದ ಹಾಗೆ ಹೂ ಉದುರಿಸುವ ಮರ. ನಾವು ಮಕ್ಕಳು ಲಂಗದಲ್ಲಿ ಹೆಕ್ಕಿ ತಂದು ಬಾಳೆನಾರಿಗೆ ಪೋಣಿಸುತ್ತಿದ್ದೆವು. ಒಣಗಿದರೂ ಪರಿಮಳ ಬಿಡದ ಹೂ ಅದು. ಆ ಮರ ಇಲ್ಲಿ ಆಳೆತ್ತರದಲ್ಲಿ ಶಿಸ್ತಾಗಿ ನಿಂತಿತ್ತು. ಜೊತೆಯಲ್ಲಿದ್ದ ಸಾಗರದ ಗೆಳತಿಯ ಕೈ ಹಿಡಿದು ತೋರಿಸಿದೆ. ಇಬ್ಬರಿಗೂ ಕಣ್ಣು ತುಂಬಿತು. 2023ರ ಜನವರಿಯಿಂದ ಆ ತೋಟದ ಹೆಸರು ಅಮೃತ ಉದ್ಯಾನ. ರೆಂಜೆಗಳು ಹಾಗೇ ಇವೆ. ವಸಂತದಲ್ಲಿ ತೋಟ ತೆರೆದಾಗ ಹೋದರೆ ಗುಲಾಬಿ, ಟ್ಯೂಲಿಪ್ ನೋಡಿದ ಮೇಲೆ ಒಂದು ಕ್ಷಣ ಅವುಗಳ ಮುಂದೆಯೂ ನಿಲ್ಲಿ.

ಬೇರೆಯವರ ತೋಟ ನೋಡುವುದರಿಂದ ಊರೂ ಹೊಸದಾಗಿ ಕಾಣುತ್ತದೆ. ಅಕ್ಟೋಬರಿನ ರಾತ್ರಿಗಳಲ್ಲಿ ದೆಹಲಿಯ ಬೀದಿ ಬೀದಿಯಲ್ಲಿ ತಲೆ ತಿರುಗುವಷ್ಟು ಗಾಢವಾಗಿ ಕವಿಯುವ ಪರಿಮಳ ಸಪ್ತಪರ್ಣಿಯದು. ಅದೇ ನಮ್ಮ ಹಾಲೆ ಮರ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ತೊಗಟೆ ತಂದು ಕಹಿ ಕಷಾಯ ಕುಡಿಯುವುದು ಇದರದ್ದೇ. ಬಾಲ್ಯವಿಡೀ ಅದರ ಕಹಿಯನ್ನು ಬಲ್ಲ ನಾನು ಹೂವಿನ ಘಮವನ್ನು ಗಮನಿಸಿದ್ದು ದೆಹಲಿಗೆ ಬಂದ ಮೇಲೆ. ಮೇ ತಿಂಗಳಲ್ಲಿ ಹಳದಿ ಗೊಂಚಲು ಇಳಿಬಿಡುವ ಅಮಲ್ತಾಸ್ ನಮ್ಮ ಕಕ್ಕೆ. ಮಾರ್ಚಿನಲ್ಲಿ ಎಲೆಯಿಲ್ಲದ ಕೊಂಬೆಗಳಲ್ಲಿ ಕೆಂಪಾಗಿ ಉರಿಯುವ ಸೇಮಲ್ ನಮ್ಮ ಬೂರುಗ. ಹೆಸರು ಬೇರೆಯಾದದ್ದರಿಂದ ಎಷ್ಟೋ ವರ್ಷ ಅವುಗಳನ್ನು ಪರದೇಶದ ಮರಗಳೆಂದೇ ತಿಳಿದಿದ್ದೆ.

ಗುಲಾಬಿಯ ವಿಷಯಕ್ಕೆ ಬಂದರೆ ಡಾಕ್ಟರ್ ಬಿ. ಪಿ. ಪಾಲ್ ಅವರನ್ನು ನೆನೆಯದಿರಲಾಗದು. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆ 1934ರ ಭೂಕಂಪದಲ್ಲಿ ಹಾಳಾಗಿ, 1936ರಲ್ಲಿ ದೆಹಲಿಗೆ ಬಂತು. ಹಾಗೆ ಬಂದ ಸಂಸ್ಥೆಯಲ್ಲಿ ತುಕ್ಕುರೋಗ ತಡೆಯುವ ಗೋಧಿ ತಳಿಗಳನ್ನು ರೂಪಿಸಿದ ವಿಜ್ಞಾನಿ ಅವರು. ಗೋಧಿ ಅವರ ಉದ್ಯೋಗ, ಗುಲಾಬಿ ಅವರ ಬಿಡುವಿನ ಪ್ರೀತಿ. ತಂಪು ದೇಶಗಳಿಂದ ಬಂದ ಗುಲಾಬಿಗಳು ನಮ್ಮ ಬಿಸಿಲಿಗೆ ಬಣ್ಣಗೆಡುವುದನ್ನು ಕಂಡು, ಇಲ್ಲಿನ ಹವೆಗೆ ಒಗ್ಗುವ ತಳಿಗಳನ್ನು ತಾವೇ ಬೆಳೆಸಿದರು. ಒಂದಕ್ಕೆ ದೆಹಲಿ ಪ್ರಿನ್ಸೆಸ್ ಎಂದೂ ಇನ್ನೊಂದಕ್ಕೆ ಡಾಕ್ಟರ್ ಹೋಮಿ ಭಾಭಾ ಎಂದೂ ಹೆಸರಿಟ್ಟರು. ದೇಶದ ಅನ್ನದ ಕೆಲಸ ಮಾಡಿದವರು ಹೂವಿಗೂ ಸಮಯ ಮಾಡಿಕೊಂಡರು ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

2018ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆದ ಸುಂದರ್ ನರ್ಸರಿ ಈಗ ನನ್ನ ಅಚ್ಚುಮೆಚ್ಚಿನ ಜಾಗ. ಹುಮಾಯೂನ್ ಸಮಾಧಿಯ ಪಕ್ಕದಲ್ಲಿ, ಇದೂ ಸುಮಾರು 90 ಎಕರೆ. ಹೊಸದೆಹಲಿ ಕಟ್ಟುವಾಗ ಯಾವ ಮರ ಇಲ್ಲಿನ ಮಣ್ಣಿಗೆ ನಿಲ್ಲುತ್ತದೆಂದು ಬೆಳೆಸಿ ನೋಡಿದ ಸಸ್ಯಕ್ಷೇತ್ರ ಅದು. ಹಾಳುಬಿದ್ದಿದ್ದ ಅದನ್ನು ಆಗಾ ಖಾನ್ ಟ್ರಸ್ಟಿನವರು ಹತ್ತು ವರ್ಷಕ್ಕೂ ಮಿಕ್ಕಿ ದುಡಿದು ಎತ್ತಿನಿಲ್ಲಿಸಿದರು. ವಾಸ್ತುಶಿಲ್ಪಿ ಮೊಹಮ್ಮದ್ ಶಾಹೀರ್ ರೂಪಿಸಿದ ನಡುದಾರಿಯಲ್ಲಿ ನೀರು ಹರಿಯುತ್ತದೆ, ಎರಡೂ ಬದಿ ಹೂವಿನ ಪಾತಿ. ಅಲ್ಲಿ ಗಿಡ ಕೊಳ್ಳಲೂಬಹುದು. ಹೂ ನೋಡಿ, ಮಾಲಿಯನ್ನು ಕೇಳಿ, ಸಸಿ ಕೊಂಡು ಬರುವುದು ಒಂದೇ ನಡಿಗೆಯಲ್ಲಿ ಆಗುತ್ತದೆ.

ಪುಷ್ಪ ಪ್ರದರ್ಶನಗಳಿಗೂ ಹೋಗುತ್ತೇನೆ. ಡಿಸೆಂಬರಿನ ಸೇವಂತಿಗೆ ಪ್ರದರ್ಶನ, ಫೆಬ್ರವರಿಯಲ್ಲಿ ನೋಯ್ಡಾದಲ್ಲಿ ನಡೆಯುವುದು, ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನದು. ಲಕ್ಷಾಂತರ ಹೂ ಚುಚ್ಚಿ ಕಟ್ಟುವ ಗೋಪುರ, ಮಂಟಪಗಳ ಮುಂದೆ ಜನ ಸೇರುತ್ತಾರೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಮನೆಯವರು ಬೆಳೆಸಿ ತಂದಿಟ್ಟ ಕುಂಡಗಳ ಮುಂದೆ. ಇತ್ತೀಚೆಗೆ ಶಾಂತಿಪಥದಲ್ಲಿ ನೆದರ್ಲೆಂಡ್ಸಿನಿಂದ ಗೆಡ್ಡೆ ತರಿಸಿ ಟ್ಯೂಲಿಪ್ ಅರಳಿಸುತ್ತಿದ್ದಾರೆ. ಚೆಂದವೇ, ಆದರೆ ಕೆಲವೇ ವಾರದ ಚೆಂದ. ದೆಹಲಿಯ ಬೇಸಿಗೆ ಕಳೆದು ಆ ಗೆಡ್ಡೆ ಮರುವರ್ಷ ಹೂ ಕೊಡುವುದಿಲ್ಲ. ನೆರೆಮನೆಗೆ ಒಂದು ಗೆಲ್ಲೋ ಒಂದು ಚಿಟಿಕೆ ಬೀಜವೋ ದಾಟಿಸಲಾಗದ ಹೂವಿನ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟುವುದಿಲ್ಲ.

ಯಜಮಾನರು ನಿವೃತ್ತರಾದ ಮೇಲೆ ನಾವು ಮಯೂರ್ ವಿಹಾರದ ನಾಲ್ಕನೆಯ ಮಹಡಿಗೆ ಬಂದೆವು. ನೆಲ ಹೋಯಿತು, ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ ಸಿಕ್ಕಿತು. ಈಗ ನನ್ನ ತೋಟ ಎಂದರೆ 22 ಕುಂಡ. ನವೆಂಬರಿನ ಹೊಗೆಮಂಜಿನಲ್ಲಿ ಎಲೆಯ ಮೇಲೆ ಕಪ್ಪು ಧೂಳು ಕೂರುತ್ತದೆ, ಎರಡು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತೇನೆ. ಅಮ್ಮ ಕೊಟ್ಟ ಮಲ್ಲಿಗೆಯ ಗೆಲ್ಲಿನ ಗೆಲ್ಲು ಒಂದು ಮೂಲೆಯಲ್ಲಿದೆ, ಪಕ್ಕದಲ್ಲಿ ಅಬ್ಬಲಿಗೆ. ಮೇ ತಿಂಗಳಲ್ಲಿ ಮೊಗ್ಗು ಬಂದಾಗ ಮೊದಲ ದಿನದ್ದು ದೇವರಿಗೆ, ಎರಡನೆಯ ದಿನದ್ದು ಸೊಸೆಯ ಮುಡಿಗೆ. ಮೂರನೆಯ ದಿನದ್ದನ್ನು ಬೇಕೆಂದೇ ಗಿಡದಲ್ಲಿ ಬಿಡುತ್ತೇನೆ. ಸಂಜೆ ಏಳರ ಸುಮಾರಿಗೆ ಎಸಳುಗಳು ಬಿಡಿಸಿಕೊಳ್ಳುತ್ತವೆ. ಕುರ್ಚಿ ಹಾಕಿಕೊಂಡು ನೋಡುತ್ತೇನೆ. ಅಜ್ಜಿ ಬದುಕಿಡೀ ಮಲ್ಲಿಗೆ ಬೆಳೆಸಿದರೂ ಇದನ್ನು ಕೂತು ನೋಡಲು ಅವರಿಗೆ ಬಿಡುವಾಗಲಿಲ್ಲ ಎಂದು ಆಗೆಲ್ಲ ಅನಿಸುತ್ತದೆ.

ನಾವು ರಾಮಕೃಷ್ಣಪುರದ ಮನೆ ಬಿಡುವ ಮೊದಲೇ ಅಂಕಲ್‌ಜಿ ತೀರಿಕೊಂಡರು. 1988ರ ಏಪ್ರಿಲಿನಲ್ಲಿ ಅವರು ಹಳೆಯ ಅಂಚೆ ಲಕೋಟೆಯಲ್ಲಿ ನನಗೆ ಕ್ಯಾಲೆಂಡುಲಾ ಬೀಜ ಕೊಟ್ಟಿದ್ದರು. ಕುಡುಗೋಲಿನಂತೆ ಬಾಗಿದ, ಒರಟಾದ ಕಂದು ಬೀಜ. ಪ್ರತಿ ಅಕ್ಟೋಬರಿನಲ್ಲಿ ಬಿತ್ತುತ್ತೇನೆ, ಪ್ರತಿ ಏಪ್ರಿಲಿನಲ್ಲಿ ತೆಗೆದಿಡುತ್ತೇನೆ. ಒಂದು ವರ್ಷವೂ ತಪ್ಪಿಲ್ಲ.

ಕೇಳುಗರಲ್ಲಿ ನನ್ನದೊಂದು ಬೇಡಿಕೆ. ಮಾರ್ಚ್ ಕೊನೆಗೆ ಚಳಿಗಾಲದ ಹೂ ಮುಗಿದಾಗ ಗಿಡಗಳನ್ನು ಕೂಡಲೇ ಕಿತ್ತು ಎಸೆಯಬೇಡಿ. ಹೈಬ್ರಿಡ್ ಪೆಟೂನಿಯಾದ ಬೀಜದಿಂದ ಅದೇ ಹೂ ಬರುವುದಿಲ್ಲ, ಅದನ್ನು ಬಿಡಿ. ಆದರೆ ಕ್ಯಾಲೆಂಡುಲಾ, ನಸ್ಟರ್ಷಿಯಂ, ಹಾಲಿಹಾಕ್, ಸ್ವೀಟ್ ಪೀ ಇವುಗಳಲ್ಲಿ ಒಂದೆರಡು ಗಿಡವನ್ನಾದರೂ ಬೀಜಕ್ಕೆಂದು ಉಳಿಸಿ. ಬಲಿತ ಬೀಜವನ್ನು ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣ ಕಟ್ಟಿ. ಪ್ಲಾಸ್ಟಿಕ್ ಬೇಡ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಮೇಲೆ ಹೂವಿನ ಹೆಸರು, ವರ್ಷ ಬರೆದು ಮುಚ್ಚಳದ ಡಬ್ಬಿಯಲ್ಲಿಡಿ. ಎರಡು ಪೊಟ್ಟಣ ಮಾಡಿ, ಒಂದು ನಿಮಗೆ, ಇನ್ನೊಂದು ನಿಮ್ಮ ಪಕ್ಕದ ಬಾಗಿಲಿನವರಿಗೆ. ನವರಾತ್ರಿಯ ಮೊದಲ ದಿನ ಇಬ್ಬರೂ ಬಿತ್ತಿ.